ತೂಕಕ್ಕೆ ಹೋದ ಹೆಸರುಗಳು

ಅಂಗೈ ಅಗಲದ ಒಂದು ಹಳೇ ಹಾರ್ಡ್ ಡಿಸ್ಕಿಗೆ ಎರಡು ಸಾವಿರದ ಏಳುನೂರು ರೂಪಾಯಿ ಕೊಟ್ಟೆ. ಹಿಂದಿನ ದಿನ ಅದೇ ಡಿಸ್ಕು ಇಡೀ ಕಂಪ್ಯೂಟರಿನ ಸಮೇತ ಮುನ್ನೂರ ಎಂಬತ್ತಕ್ಕೆ ಹೋಗಿತ್ತು. ಹಳೇ ಕಂಪ್ಯೂಟರ್ ಕೊಂಡು, ರಿಪೇರಿ ಮಾಡಿ, ಟ್ಯೂಷನ್ ಕ್ಲಾಸಿನವರಿಗೂ ಸಣ್ಣ ಆಫೀಸಿನವರಿಗೂ ಮಾರಿ ಮೇಲೆ ಬಂದವಳು ನಾನು. ನನ್ನ ಅಂಗಡಿಯ ಲೆಕ್ಕದಲ್ಲಿ ಇದು ಹುಚ್ಚರ ವ್ಯಾಪಾರ. ಆದರೆ ಆ ದುಡ್ಡು ಹೋದದ್ದು ಡಿಸ್ಕಿಗಲ್ಲ, ಅದರೊಳಗಿದ್ದ ಹೆಸರುಗಳಿಗೆ. ಹೆಸರುಗಳು ಗುಜರಿಗೆ ಬಿದ್ದದ್ದು ನನ್ನ ಬುದ್ಧಿಮಾತಿನಿಂದಲೇ. ಹಾಗಾಗಿ ನಾನೇ ತೆತ್ತೆ.

ಕೋಲ್ಕತ್ತದಲ್ಲಿರುವ ಕನ್ನಡಿಗರಿಗೆ ಇಂಟರ್ನೆಟ್ಟಿನಲ್ಲಿ ಒಂದು ಹರಟೆಕಟ್ಟೆ ಇದೆ. ಅದನ್ನು ಶುರು ಮಾಡಿದವರು ರೈಲ್ವೆಯ ಸಿಗ್ನಲ್ ವಿಭಾಗದಿಂದ ನಿವೃತ್ತರಾದ ಒಬ್ಬ ಹಿರಿಯರು, ಧಾರವಾಡ ಕಡೆಯವರು. ನಾನು ಹುಬ್ಬಳ್ಳಿಯವಳು, ಅವರನ್ನು ಕಾಕಾ ಅನ್ನುತ್ತೇನೆ. ದಿನಾ ಬೆಳಿಗ್ಗೆ ಯಾರಾದರೊಬ್ಬರು ಒಂದು ಸುದ್ದಿ ಹಾಕಬೇಕು: ಹೊಸ ತಂತ್ರಜ್ಞಾನದ್ದೋ, ಚುನಾವಣೆಯದ್ದೋ, ಯಾವ ಕಂಪನಿ ಯಾವುದನ್ನು ನುಂಗಿತು ಅನ್ನೋದೋ. ಮಧ್ಯಾಹ್ನದ ತನಕ ಪ್ರಶ್ನೆ ಮಾತ್ರ ಕೇಳಬಹುದು, ಅಭಿಪ್ರಾಯ ಹೇಳುವಂತಿಲ್ಲ. ಹನ್ನೆರಡು ಹೊಡೆದ ಮೇಲೆ ಬಾಯಿಗೆ ಬಂದದ್ದು ಹೇಳಬಹುದು. ಇದು ಕಾಕಾ ಮಾಡಿದ ಕಾನೂನು. ಸಿಗ್ನಲ್ ಬೀಳದೆ ಗಾಡಿ ಬಿಡಬಾರದು ಅನ್ನುವ ಮನುಷ್ಯ ಅವರು.

ಇನ್ನೊಂದು ಕಾನೂನು, ಕಟ್ಟೆಯ ಮೇಲೆ ಯಾರೂ ಸ್ವಂತ ಹೆಸರಿನಲ್ಲಿ ಬರೆಯುವಂತಿಲ್ಲ. ಎಲ್ಲರಿಗೂ ಒಂದೊಂದು ತರಕಾರಿಯ ಹೆಸರು. ನಾನು ಸೌತೆಕಾಯಿ. ಇದು ತಮಾಷೆಗೆ ಮಾಡಿದ್ದಲ್ಲ. ಕಟ್ಟೆಯಲ್ಲಿ ಅರ್ಧಕ್ಕರ್ಧ ಜನ ರೈಲ್ವೆ, ಬ್ಯಾಂಕು, ಕೇಂದ್ರ ಸರ್ಕಾರದ ನೌಕರರು. ಸರ್ಕಾರದ ಬಗ್ಗೆ, ತಮ್ಮ ಆಫೀಸಿನ ಬಗ್ಗೆ ಹೊರಗೆ ಮಾತಾಡಿದರೆ ಮೇಲಿನಿಂದ ನೋಟಿಸ್ ಬರುತ್ತದೆ. ತರಕಾರಿಯ ಮರೆಯಲ್ಲಿ ಕೂತರೆ ಮನಸ್ಸು ಬಿಚ್ಚಬಹುದು. ಎಲ್ಲರಿಗಿಂತ ಹೆಚ್ಚು ಬಿಚ್ಚಿದವಳು ಹಾಗಲಕಾಯಿ, ಮೈಸೂರಿನ ಹೆಣ್ಣುಮಗಳು, ಸರ್ಕಾರಿ ಉದ್ದಿಮೆಯೊಂದರಲ್ಲಿ ಅಧಿಕಾರಿ. ತನ್ನ ಆಫೀಸು ದುಬಾರಿ ಬೆಲೆಗೆ ಕೊಂಡ ಸಾಫ್ಟ್‌ವೇರ್ ಹೇಗೆ ಒಂದು ದಿನವೂ ನೆಟ್ಟಗೆ ನಡೆಯಲಿಲ್ಲ ಅಂತ ಆಕೆ ಬರೆದದ್ದನ್ನು ಓದಿ ನಾವು ಬಿದ್ದು ಬಿದ್ದು ನಕ್ಕಿದ್ದೇವೆ. ಡಿಸ್ಕು ಗುಜರಿಗೆ ಬಿದ್ದಾಗ ಆಕೆಯ ಬಡ್ತಿಯ ಸಂದರ್ಶನಕ್ಕೆ ಒಂದೇ ವಾರವಿತ್ತು.

ಮೊದಲ ವರ್ಷ ಯಾರೋ ಹೊರಗಿನವರು ನುಗ್ಗಿ ಬೈದಾಡಿ ಹೋದಾಗ ಕಾಕಾ ಪ್ರತಿಯೊಬ್ಬರಿಂದ ನಿಜ ಹೆಸರು, ಆಫೀಸು, ಫೋನ್ ನಂಬರ್ ತೆಗೆದುಕೊಂಡು ಒಂದು ಪಟ್ಟಿ ಮಾಡಿಟ್ಟಿದ್ದರು. ಯಾವ ತರಕಾರಿ ಯಾರು ಅಂತ. ಆಗ ಕಟ್ಟೆ ನಡೆಯುತ್ತಿದ್ದದ್ದು ದಕ್ಷಿಣೇಶ್ವರದ ಅವರ ಫ್ಲ್ಯಾಟಿನ ಕಂಪ್ಯೂಟರಿನಲ್ಲೇ. ಎರಡು ವರ್ಷದ ಹಿಂದೆ ಸಾಲ್ಟ್ ಲೇಕಿನ ಐಟಿ ಹುಡುಗರು ಕಟ್ಟೆಯನ್ನು ಬಾಡಿಗೆ ಸರ್ವರಿಗೆ ಸಾಗಿಸಿದರು. ಪಟ್ಟಿ ಬೇಡ ಅಂದರು. ಅದು ಹಳೇ ಯಂತ್ರದಲ್ಲೇ ಉಳಿಯಿತು, ಯಂತ್ರದ ಮೇಲೆ ಒಂದು ಹಳೇ ಬೆಡ್‌ಶೀಟ್ ಬಿತ್ತು.

ಈಗ ನನ್ನ ಪಾಲಿನ ಕಥೆ. ದುರ್ಗಾಪೂಜೆಗೆ ಮೂರು ವಾರ ಮುಂಚೆ ಒಬ್ಬರು ಕಟ್ಟೆಯ ಮೇಲೆ ಎಲೆಕ್ಟ್ರಾನಿಕ್ ಕಸದ ಸುದ್ದಿ ಹಾಕಿದರು. ಹನ್ನೆರಡು ಹೊಡೆಯುವುದನ್ನೇ ಕಾಯುತ್ತಿದ್ದೆ. ನನ್ನ ಧಂದೆಯ ವಿಷಯ ತಾನೇ? ಬರೆದೆ: ‘ಎರಡು ವರ್ಷ ಪ್ಲಗ್ಗಿಗೆ ಹಾಕದ ಕಂಪ್ಯೂಟರ್ ಮನೆಯಲ್ಲಿಟ್ಟುಕೊಂಡರೆ ನೀವು ಧೂಳಿಗೆ ಬಾಡಿಗೆ ಕಟ್ಟುತ್ತಿದ್ದೀರಿ. ಈಗ ಎಲ್ಲರೂ ಮನೆ ಸ್ವಚ್ಛ ಮಾಡುತ್ತಾರೆ, ಗುಜರಿಯವರು ಗಲ್ಲಿ ಗಲ್ಲಿ ಬರುತ್ತಾರೆ. ಯೋಚಿಸಬೇಡಿ, ತೂಕಕ್ಕೆ ಹಾಕಿ.’ ನಲವತ್ತು ಜನ ಮೆಚ್ಚಿದರು. ಆ ದಿನವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ಹತ್ತಕ್ಕೆ, ಚಾಂದನಿ ಮಾರ್ಕೆಟ್ಟಿನ ನನ್ನ ಅಂಗಡಿಯ ಶಟರ್ ಎತ್ತುತ್ತಿದ್ದಾಗ ಕಾಕಾ ಫೋನ್ ಮಾಡಿದರು.

‘ತಂಗೀ, ನಮ್ಮ ಹಳೇ ಕಂಪ್ಯೂಟರ್ ಡಬ್ಬಿ ಹೋತು. ನಿಮ್ಮ ಕಾಕು ನಿನ್ನೆ ಸಂಜೀಕ ಗುಜರಿಯವಗ ಕೊಟ್ಟಾಳ. ಪಟ್ಟಿ ಅದರಾಗ ಅದ.’

‘ಪಾಸ್‌ವರ್ಡ್ ಇಟ್ಟೀರಲ್ಲ ಕಾಕಾ?’

‘ಇಟ್ಟೀನಿ. ಮರೀಬಾರದು ಅಂತ ಚೀಟಿ ಬರದು ಡಬ್ಬಿ ಒಳಗ ಅಂಟಿಸೀನಿ.’

ಶಟರನ್ನು ಅರ್ಧಕ್ಕೇ ಕೆಳಗೆಳೆದು ಮೆಟ್ರೋ ಹತ್ತಿದೆ. ಇಂಥ ಡಿಸ್ಕುಗಳು ಎಲ್ಲಿಗೆ ಬರುತ್ತವೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ಗಲ್ಲಿಗೇ ಬರುತ್ತವೆ. ತಟ್ಟೆಯಲ್ಲಿ ಮೀನು ಜೋಡಿಸಿದ ಹಾಗೆ ಜೋಡಿಸಿ ಮಾರುತ್ತಾರೆ. ನಾನೇ ಕೊಂಡಿದ್ದೇನೆ. ಅಳಿಸುವ ಮೊದಲು ಒಮ್ಮೆ ತೆರೆದರೆ ಯಾರದೋ ಮದುವೆ, ಯಾರದೋ ರಕ್ತಪರೀಕ್ಷೆ, ಯಾರದೋ ಸಂಬಳದ ಚೀಟಿ. ನಾನು ಅಳಿಸುತ್ತೇನೆ. ಎಲ್ಲರೂ ಅಳಿಸುವುದಿಲ್ಲ. ಆ ಪಟ್ಟಿಯನ್ನೂ ಕಟ್ಟೆಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಹಾಗಲಕಾಯಿಯ ಕೆಲಸ ಉಳಿಯುತ್ತಿರಲಿಲ್ಲ.

ಬಾಗಿಲು ತೆಗೆದವರು ಕಾಕು, ಕಾಕಾನ ಹೆಂಡತಿ. ಅವರಿಗೆ ತರಕಾರಿಯ ಹೆಸರಿಲ್ಲ, ಒಂದಕ್ಷರ ಬರೆಯುವುದಿಲ್ಲ, ಆದರೆ ದಿನಾ ಓದುತ್ತಾರೆ.

‘ನನ್ನ ಯಾಕ ನೋಡ್ತೀ? “ಯೋಚಿಸಬೇಡಿ” ಅಂತ ಬರದಾಕಿ ನೀನ. ನಾ ಯೋಚಿಸಲಿಲ್ಲ.’

‘ಕಾಕೂ, ಮಾರೂ ಮುಂದ ಕಾಕಾನ್ನ ಕೇಳಬೇಕಿತ್ತು…’

‘ಹಂಗಂತ ನೀ ಬರದಿದ್ದಿಲ್ಲಲ್ಲ! ಎಷ್ಟಕ್ಕ ಕೊಟ್ಟೆ ಗೊತ್ತೇನು? ಅಂವ ಮುನ್ನೂರು ಅಂದ, ನಾ ನಿನ್ನ ಹೆಸರು ತಗೊಂಡು ಎಂಬತ್ತು ಏರಿಸೀನಿ.’

ಕಾಕಾ ಮೂಲೆಯಲ್ಲಿ ಕೂತು ಫೋನ್ ಹಿಡಿದಿದ್ದರು. ಎಲ್ಲರಿಗೂ ಈಗಲೇ ತಿಳಿಸುತ್ತೇನೆ, ಮೊದಲು ಆ ಮೈಸೂರಿನ ಹುಡುಗಿಗೆ ಹೇಳುತ್ತೇನೆ ಅಂದರು. ನಾನು ಕೈ ಮುಗಿದೆ. ಒಂದು ಹೊತ್ತು ಕೊಡಿ ಕಾಕಾ, ಸಿಗದಿದ್ದರೆ ಸಂಜೆ ನಾಲ್ಕಕ್ಕೆ ನಾನೇ ಹೇಳುತ್ತೇನೆ ಅಂದೆ. ಅವರು ಎರಡು ಗಂಟೆಗೆ ಅಂದರು. ಮೂರಕ್ಕೆ ಒಪ್ಪಿದೆವು.

ಗುಜರಿಯವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಆ ಪಾಡಾದಲ್ಲಿ, ಅಂದರೆ ಆ ಓಣಿಯಲ್ಲಿ, ಯಾರು ಎಷ್ಟು ಹೊತ್ತಿಗೆ ಎಲ್ಲಿರುತ್ತಾರೆ ಅನ್ನುವುದು ಚಹಾದಂಗಡಿಯವನ ಬಾಯಲ್ಲಿರುತ್ತದೆ. ಅವನು ತೋರಿಸಿದ ಬೆಂಚಿನ ಮೇಲೇ ಗುಜರಿಯವನು ಕೂತಿದ್ದ. ಮಾಲು ಬೆಳಿಗ್ಗೆಯೇ ಹೊಳೆ ದಾಟಿ ಹೌರಾ ಕಡೆಯ ಗೋದಾಮಿಗೆ ಹೋಗಿದೆ ಅಂದ, ದಾರಿ ಹೇಳಿದ. ದೋಣಿ ಹತ್ತಿದೆವು. ದಾರಿಯುದ್ದಕ್ಕೂ ನಾನು ಕಾಕಾನಿಗೆ ಪಾಠ ಹೇಳಿದೆ. ‘ನೀವು ಬಾಯಿ ಬಿಚ್ಚಬಾರದು. ನಾ ಮೊದಲು ಪ್ರಿಂಟರ್ ರೇಟು ಕೇಳ್ತೀನಿ, ಆಮೇಲೆ ಫ್ಯಾನು, ಕಡೀಕೆ ಸುಮ್ಮನೆ ಅನ್ನೋ ಹಂಗ ಡಿಸ್ಕು. ನಮಗ ಬೇಕು ಅಂತ ಅವನಿಗೆ ಗೊತ್ತಾಗಬಾರದು.’

ಗೋದಾಮಿನ ಮಾಲೀಕ ಚುರುಮುರಿ ತಿನ್ನುತ್ತಾ ಕೂತಿದ್ದ. ನಾನು ಪ್ರಿಂಟರಿನ ಕಡೆ ಕೈ ತೋರಿಸಿ ‘ದಾದಾ, ಇದು ಎಷ್ಟು?’ ಅಂದೆನಷ್ಟೇ.

‘ಅದೇ! ಅದೇ ನಮ್ಮದು!’ ಕಾಕಾ ಹಿಂದಿಯಲ್ಲಿ ಕೂಗಿಕೊಂಡು ರಾಶಿಯ ಮೇಲೆ ಬೀಳುವಂತೆ ಓಡಿದರು. ಡಬ್ಬಿಯ ಪಕ್ಕದ ತಗಡು ಆಗಲೇ ಬಿಚ್ಚಿತ್ತು. ಮೆಮೊರಿ ಚಿಪ್ಪುಗಳು ಕಿತ್ತುಹೋಗಿದ್ದವು. ಡಿಸ್ಕು ಮಾತ್ರ ಒಂದೇ ಸ್ಕ್ರೂ ಹಿಡಿದುಕೊಂಡು ಜೋತುಬಿದ್ದಿತ್ತು, ಪಕ್ಕದಲ್ಲಿ ಕಾಕಾನ ಚೀಟಿ.

ಮಾಲೀಕ ಚುರುಮುರಿ ಕೆಳಗಿಟ್ಟ. ‘ಐದು ಸಾವಿರ, ಬೌದಿ.’ ಬೌದಿ ಅಂದರೆ ಅತ್ತಿಗೆ. ಗೌರವ ಕೊಟ್ಟೇ ಕುತ್ತಿಗೆ ಹಿಡಿಯುವ ಊರು ಇದು.

‘ನಿನ್ನೆ ಇಡೀ ಡಬ್ಬಿ ಮುನ್ನೂರ ಎಂಬತ್ತಕ್ಕೆ ಬಂದಿದೆ ನಿಮಗೆ.’

‘ನಿನ್ನೆ ಅದು ಕಬ್ಬಿಣ. ಇವತ್ತು ನೋಡಿ, ದಾದುವಿನ ಜೀವ ಆಗಿದೆ.’ ದಾದು ಅಂದರೆ ಅಜ್ಜ, ನಮ್ಮ ಕಾಕಾ.

‘ಬೇಡ ಬಿಡಿ, ನಾವು ಹೋಗ್ತೀವಿ.’

‘ನೀವು ಹೋಗಿ ಬೌದಿ. ದಾದು ಎಲ್ಲೂ ಹೋಗಲ್ಲ.’

ನಿಜ. ಕಾಕಾ ಡಬ್ಬಿಯನ್ನು ಅಪ್ಪಿಕೊಂಡು ನೆಲಕ್ಕೆ ಕೂತಿದ್ದರು. ಎದ್ದು ಹೋಗುವ ಆಟ ನಾನು ಇಪ್ಪತ್ತು ವರ್ಷ ಆಡಿದ್ದೇನೆ, ಅವತ್ತು ಮೊದಲ ಸಲ ಅದು ನಡೆಯಲಿಲ್ಲ. ಬೇರೆ ದಾರಿ ಹಿಡಿದೆ. ಮೆಮೊರಿ ನಿನ್ನದೇ, ಬೋರ್ಡೂ ನಿನ್ನದೇ, ಡಬ್ಬಿ, ಫ್ಯಾನು, ತಾಮ್ರ ಎಲ್ಲಾ ನಿನ್ನದೇ, ನನಗೆ ಆ ಒಂದು ತುಂಡು ಸಾಕು, ಅದರ ಜೊತೆ ಆ ಚೀಟಿ. ಚಾಂದನಿಯಲ್ಲಿ ಅಷ್ಟು ಹಳೇ ಡಿಸ್ಕಿಗೆ ಏನು ಸಿಗುತ್ತದೆ ಅಂತ ನನ್ನ ಅಂಗಡಿಯ ಕಾರ್ಡು ತೋರಿಸಿ ಹೇಳಿದೆ. ಅರ್ಧ ಗಂಟೆ ಜಗ್ಗಾಡಿದ ಮೇಲೆ ಎರಡು ಸಾವಿರದ ಏಳುನೂರಕ್ಕೆ ನಿಂತಿತು. ಗಡಿಯಾರದಲ್ಲಿ ಎರಡೂವರೆ.

ದುಡ್ಡು ಎಣಿಸಿ ಕೊಟ್ಟು ಕೇಳಿದೆ. ‘ದಾದಾ, ಡ್ರಿಲ್ ಇದೆಯಾ?’

ಕಾಕಾ ನನ್ನ ಕೈ ಹಿಡಿದರು. ‘ಮನೀಗೆ ಒಯ್ಯೋಣ ತಂಗಿ, ಒಡೀಬ್ಯಾಡ. ಈ ಮಂದ್ಯಾಗ ಭಾಳ ಜನರ ಮುಖ ನಾ ನೋಡಿಲ್ಲ. ನನ್ನ ಕಡೆ ಇರೋದು ಅವರ ಹೆಸರಷ್ಟ.’

‘ಕಾಕಾ, ಹೆಸರು ನಿಮ್ಮ ಕಡೆ ಇರೋದರಿಂದ ಅವರಿಗೆ ಏನು ಸಿಗತದ?’ ಅಂದೆ. ಅವರು ಡಿಸ್ಕನ್ನು ತಾವೇ ಮಾಲೀಕನ ಕೈಗಿಟ್ಟರು. ಮೂರು ತೂತು ಬಿದ್ದವು. ಚೀಟಿಯನ್ನು ಕಾಕಾ ಹರಿದು ಹರಿದು ಜೇಬಿಗೆ ಹಾಕಿಕೊಂಡರು.

ಮಾಲೀಕ ನಮ್ಮಿಬ್ಬರ ಮುಖ ನೋಡಿದ. ‘ಇಷ್ಟೊತ್ತು ನನ್ನ ಜೊತೆ ಜಗ್ಗಾಡಿ, ದುಡ್ಡು ಸುರಿದು, ಈಗ ಒಡೆಸ್ತೀರಲ್ಲ ಬೌದಿ! ತೂತಿಗೆ ದುಡ್ಡು ಬೇಡ, ಹೋಗಿ.’

ದೋಣಿಯಲ್ಲಿ ಕೂತು ಕಟ್ಟೆಯ ಮೂಲಕವೇ ಹಾಗಲಕಾಯಿಗೆ ಗುಟ್ಟಾಗಿ ನನ್ನ ನಂಬರ್ ಕಳಿಸಿದೆ, ಆಕೆಯೇ ಫೋನ್ ಮಾಡಿದಳು. ಆಕೆಯ ದನಿ ಕೇಳಿದ್ದು ಅದೇ ಮೊದಲು. ನಡೆದದ್ದೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ, ನನ್ನ ಬುದ್ಧಿಮಾತನ್ನೂ ಸೇರಿಸಿ. ಆಕೆ ಕೇಳಿದ್ದು ಎರಡೇ ಪ್ರಶ್ನೆ.

‘ಬೇರೆ ಎಲ್ಲೂ ಕಾಪಿ ಇಲ್ವಾ?’

‘ಇಲ್ಲ.’

‘ಕಾಕಾಗೂ ಇನ್ನು ಗೊತ್ತಿಲ್ವಾ, ಯಾರು ಯಾರು ಅಂತ?’

ಕಾಕಾ ಫೋನಿನ ಹತ್ತಿರ ಬಂದು ‘ವಯಸ್ಸಾತು ಮಗಳ, ನಿನ್ನ ಹೆಸರ ನೆನಪಿಲ್ಲ’ ಅಂದರು. ಅದು ಸುಳ್ಳು. ಅವರ ಬಾಯಿಂದ ನಾನು ಕೇಳಿದ ಒಂದೇ ಸುಳ್ಳು.

ಆಕೆ ಉದ್ದಕ್ಕೆ ಉಸಿರು ಬಿಟ್ಟಳು. ಆಮೇಲೆ ಬೈದಳು, ಚೆನ್ನಾಗಿಯೇ ಬೈದಳು, ನನಗೊಂದು ಪಾಲು, ಕಾಕಾನಿಗೆ ಎರಡು. ನಾವಿಬ್ಬರೂ ತಲೆಯಾಡಿಸುತ್ತಾ ಕೇಳಿದೆವು. ಮನಸ್ಸು ಅಷ್ಟು ಹಗುರವಾಗಿತ್ತು, ಇನ್ನೂ ನಾಲ್ಕು ಬೈಗುಳ ಬಿದ್ದಿದ್ದರೂ ಸಿಹಿಯೇ. ಸಂದರ್ಶನ ಚೆನ್ನಾಗಿ ಆಯಿತಂತೆ. ಈಗ ಆಕೆ ಮತ್ತೆ ಬರೆಯುತ್ತಿದ್ದಾಳೆ, ಸ್ವಲ್ಪವೂ ಕಹಿ ಕಡಿಮೆಯಾಗಿಲ್ಲ.

ನೀವೂ ಹಳೇ ಕಂಪ್ಯೂಟರ್ ಮಾರುವವರಾದರೆ ಮೊದಲು ಡಿಸ್ಕು ಬಿಚ್ಚಿಕೊಳ್ಳಿ. ಹೆಚ್ಚೆಂದರೆ ನಾಲ್ಕು ಸ್ಕ್ರೂ. ಬರೀ ಅಳಿಸಿದ್ದು ಅಳಿಸಿದ್ದಲ್ಲ, ನನ್ನಂಥವಳಿಗೆ ಅದನ್ನು ಮರಳಿ ತೆಗೆಯಲು ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕು, ಆದ್ದರಿಂದ ತೂತು ಕೊರೆಸಿ. ಫೋನ್ ಮಾರುವಾಗಲೂ ಅಷ್ಟೇ ಎಚ್ಚರ ಇರಲಿ. ನೀವೊಂದು ಗುಂಪು ನಡೆಸುವವರಾದರೆ ಜನರ ನಿಜ ಹೆಸರು ಕೇಳುವ ಮುಂಚೆ, ಅದು ಯಾಕೆ ಬೇಕು, ಯಾವಾಗ ಸುಡುತ್ತೀರಿ ಅಂತ ನಿಮಗೆ ನೀವೇ ಹೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ಕೇಳಲೇಬೇಡಿ. ಇಂಟರ್ನೆಟ್ಟಿನಲ್ಲಿ ಯಾರಾದರೂ ಯೋಚಿಸಬೇಡಿ ಅಂದರೆ, ಅದು ನಾನೇ ಆಗಿದ್ದರೂ ಸರಿ, ಆ ವಸ್ತು ಬಳಸಿದವರನ್ನು ಒಂದು ಮಾತು ಕೇಳಿ ಆಮೇಲೆ ಗುಜರಿಯವನನ್ನು ಕೂಗಿ.