ಹೆಂಚಿನ ಪುಡಿಯ ಮೇಲೆ ಹೊರಿಸಿದ ತಪ್ಪು

ಮುನಿವೆಂಕಟಪ್ಪ ಮೇಸ್ತ್ರಿಗಳೇ, ಆ ತಾರಸಿ ಕುಸಿದದ್ದು ನಿಮ್ಮ ಹೆಂಚಿನ ಪುಡಿಯಿಂದಲ್ಲ. ನಾನು ಸುಳ್ಳು ಹೇಳಿದೆ — ಊರವರೆಲ್ಲ ಸೇರಿದ್ದಾಗ, ನಿಮ್ಮ ಮುಖ ನೋಡಿಕೊಂಡೇ.

ಎಪ್ಪತ್ತರ ದಶಕದ ಕೊನೆ, ಸಿಮೆಂಟಿಗೆ ಪರ್ಮಿಟ್ ಬೇಕಾಗಿದ್ದ ಕಾಲ. ಕ್ಯಾಲನೂರಿನ ಕಡೆ ಹಾಲು ಅಳೆಯಲು ಒಂದು ಕೋಣೆ ಏಳಬೇಕಿತ್ತು. ಉಸ್ತುವಾರಿ ನನ್ನದು, ಕೆಲಸ ನಿಮ್ಮದು. ಮಾಲೂರಿನ ಹೆಂಚಿನ ಕಾರ್ಖಾನೆಯವರು ನೀರಿನ ಕುಂಟೆಯ ಅಂಚಿಗೆ ಸುರಿಯುತ್ತಿದ್ದ ಒಡಕು ಹೆಂಚನ್ನು ಗಾಡಿಯಲ್ಲಿ ತರಿಸಿದಿರಿ, ನುಣ್ಣಗೆ ಕುಟ್ಟಿಸಿ ಜರಡಿ ಹಿಡಿಸಿ ಸಿಮೆಂಟಿಗೆ ಬೆರೆಸಿದಿರಿ. ಕಸದಲ್ಲಿ ಕಟ್ಟಡವೇ ಎಂದು ನಾನು ಮೂಗು ಮುರಿದೆ. "ಸಿಮೆಂಟೂ ಉಳೀತದೆ, ಕುಂಟೇನೂ ಉಳೀತದೆ, ನೋಡ್ತಿರಿ ಸಾ," ಅಂದಿರಿ.

ತಾರಸಿ ಹಾಕಿದ ಮೇಲೆ ನೀವು ನೆಂಟರ ಮದುವೆಗೆಂದು ಮುಳಬಾಗಿಲಿಗೆ ಹೊರಟಿರಿ. ಹೋಗುವಾಗ ಎರಡೆರಡು ಸಲ ಹೇಳಿದಿರಿ: "ಇದು ನಿಧಾನಕ್ಕೆ ಬಿಗಿಯೋ ಮಾಲು. ನಾಲ್ಕು ವಾರ ಅಡಿಗೆ ಕೊಟ್ಟಿರೋ ಒಂದು ಕಂಬಾನೂ ಮುಟ್ಟಬೇಡಿ ಸಾ."

ನಾನು ಮುಟ್ಟಿದೆ. ಶ್ರೀನಿವಾಸಪುರದಲ್ಲಿ ನನ್ನ ಭಾವಮೈದನ ಮನೆಗೆ ತಾರಸಿ ಹಾಕಬೇಕಿತ್ತು, ಅವನಿಗೆ ಕಂಬ ಸಾಲದು. ಹತ್ತನೇ ದಿನವೇ ಒಂದು ಬಿಟ್ಟು ಒಂದರಂತೆ ನೀಲಗಿರಿ ಕಂಬಗಳನ್ನು ಕಿತ್ತು ಗಾಡಿಗೆ ಹೇರಿಸಿದೆ. ಹೊರುತ್ತೆ ಬಿಡು, ಅಂದುಕೊಂಡೆ. ಎಂಥ ಧೈರ್ಯ ನೋಡಿ ನನ್ನದು!

ಮರುದಿನ ಅಷ್ಟೂ ನೆಲಕ್ಕೆ. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಉಳಿದ ಕಂಬಗಳು ಅಡಿಯಲ್ಲಿ ಮುರಿದು ಬಿದ್ದಿದ್ದವು, ಯಾರೂ ಎಣಿಸಲಿಲ್ಲ. ಸುದ್ದಿ ಕೇಳಿ ನೀವು ಓಡಿ ಬಂದಾಗ ಊರವರೆಲ್ಲ ಸೇರಿದ್ದರು. ನನ್ನ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ, ಅದಕ್ಕೇ ನನಗೆ ಇವತ್ತಿಗೂ ಗಾಬರಿ.

"ಹೆಂಚಿನ ಪುಡಿ ಬೆರೆಸಿದರೆ ಇನ್ನೇನಾಗುತ್ತೆ?" ಅಂದುಬಿಟ್ಟೆ.

ನೀವು ವಾದಿಸುತ್ತೀರಿ ಅಂದುಕೊಂಡಿದ್ದೆ. "ಅಯ್ಯೋ ದೇವುಡಾ," ಎಂದು ತಲೆ ಮೇಲೆ ಕೈಹೊತ್ತು ಕೂತಿರಿ. ಆಮೇಲೆ ಆ ಸುತ್ತಿನಲ್ಲಿ ನಿಮ್ಮನ್ನು ಮೇಸ್ತ್ರಿಯೆಂದು ಯಾರೂ ಕರೆಯಲಿಲ್ಲ. ಹೆಂಚಿನ ಚೂರು ಮತ್ತೆ ಕುಂಟೆಗೇ ಬಿತ್ತು.

ಮೊನ್ನೆ, ಹತ್ತು ವರ್ಷದ ಮೇಲೆ, ಮಾಲೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಿರಿ. ಯಾರದೋ ಕೆಳಗೆ ಗಾರೆ ಕಲಸುತ್ತಿದ್ದೀರಂತೆ. ನನಗೆ ಕೈ ಮುಗಿದಿರಿ! "ನೀವು ಹೇಳಿದ್ದೇ ಒಳ್ಳೇದಾಯ್ತು ಸಾ. ನನ್ನ ಮಗಳು ಲಕ್ಷ್ಮಮ್ಮನ ಮನೆಗೂ ಅದೇ ಮಾಲು ಹಾಕಿದ್ದೆ. ಮೊಮ್ಮಕ್ಕಳ ಮೇಲೆ ಬಿದ್ದೀತು ಅಂತ ನಾನೇ ಕೆಡವಿದೆ. ಏನು ಗಟ್ಟಿ ಅಂತೀರಿ, ಸುತ್ತಿಗೆ ಎಗರ್ತಿತ್ತು. ಆದ್ರೂ ನೀವು ಓದಿದೋರು..."

ಆಗಲಾದರೂ — ಇಲ್ಲ, ಆಗಲೂ ಹೇಳಲಿಲ್ಲ. ಬಸ್ ಬಂತೆಂದು ಹತ್ತಿಬಿಟ್ಟೆ.

ನಿಮಗೆ ಓದು ಬಾರದು. ಈ ಕಾಗದವನ್ನು ನಾನೇ ತರುತ್ತೇನೆ. ಲಕ್ಷ್ಮಮ್ಮನೇ ಓದಲಿ, ಜೋರಾಗಿ, ಮಕ್ಕಳೆದುರಿಗೇ. ಅವಳು ಓದಿ ಮುಗಿಸುವವರೆಗೂ ನಾನು ನಿಮ್ಮ ಮುಂದೆ ಕೂತಿರುತ್ತೇನೆ.