ಮಿಕ್ಸಿಯ ಸದ್ದಿನಲ್ಲಿ ಮೇಡೇ

ಮೊನ್ನೆ ಕುಮಟೆಯ ಮನೆಯಿಂದ ಗ್ಯಾಸ್ ಏಜೆನ್ಸಿಗೆ ಫೋನು ಮಾಡಿದ್ದೆ. ಸಂಪರ್ಕ ಅಪ್ಪನ ಹೆಸರಿನಲ್ಲಿದೆ. ಆ ಕಡೆಯ ಹುಡುಗಿ ಇಂಗ್ಲಿಷಿನಲ್ಲಿ ಸ್ಪೆಲ್ಲಿಂಗ್ ಹೇಳಿ ಎಂದಳು. ನಾನು ಅಭ್ಯಾಸಬಲದಿಂದ "ಕಿಲೋ, ಆಲ್ಫಾ, ಮೈಕ್..." ಎಂದು ಶುರುಮಾಡಿದೆ. ಆಕೆ ಕೇಳಿದಳು, "ಎಷ್ಟು ಕಿಲೋದ್ದು ಮೇಡಂ? ಮನೆದೋ, ಹೋಟೆಲಿಂದೋ?"

ನಗಬೇಡಿ. ಒಂದು ಕಾಲದಲ್ಲಿ, ಕೆ ಎಂಬುದಕ್ಕೆ ಕಿಲೋ, ಎ ಎಂಬುದಕ್ಕೆ ಆಲ್ಫಾ ಎನ್ನುವ ಪೈಲಟ್ಟುಗಳ ಈ ಅಕ್ಷರಮಾಲೆ ಬಾಯಿಗೆ ಬರಲೆಂದು ನಾನು ಪಟ್ಟ ಪಾಡು ನನಗೇ ಗೊತ್ತು. ಬಚ್ಚಲಲ್ಲಿ, ಬಸ್ಸಿನಲ್ಲಿ, ಕಣ್ಣಿಗೆ ಬಿದ್ದ ಪ್ರತಿ ಲಾರಿಯ ನಂಬರನ್ನೂ ಹೀಗೇ ಓದುತ್ತಿದ್ದೆ. ಆಗ ಇಪ್ಪತ್ತೊಂದು ವರ್ಷ. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ನನಗೋ ಶತಮಾನದ ಗೊಡವೆ ಇರಲಿಲ್ಲ, ವಿಮಾನ ಹಾರಿಸುವ ಕಮರ್ಷಿಯಲ್ ಲೈಸೆನ್ಸ್ ಒಂದು ಸಿಕ್ಕರೆ ಸಾಕಿತ್ತು.

ನಾನು ಕಲಿಯುತ್ತಿದ್ದ ತರಬೇತಿ ಶಾಲೆ ದೂರದ ಊರಿನಲ್ಲಿತ್ತು. ಅಲ್ಲಿದ್ದ ಎರಡು ವಿಮಾನಗಳಲ್ಲಿ ಒಂದು ಬಿಡಿಭಾಗ ಬರಲಿಲ್ಲವೆಂದು ಶೆಡ್ಡಿನಲ್ಲಿ ಕೂತಿತ್ತು. ಇನ್ನೊಂದರ ಹಿಂದೆ ನಾವು ಹದಿನೈದು ಮಂದಿ. ಮಳೆಗಾಲ ಹಿಡಿದ ಮೇಲೆ ಅದೂ ಏಳಲಿಲ್ಲ. ಆ ಬಿಡುವಿನಲ್ಲಿ ಥಿಯರಿ ಪೇಪರುಗಳನ್ನೆಲ್ಲ ಬರೆದು ಮುಗಿಸಿದೆ. ಹವಾಮಾನ, ಪಥನಿರ್ಣಯ, ವಾಯುಯಾನ ನಿಯಮ, ಇಂಜಿನ್ನಿನ ಒಳಗುಟ್ಟು, ಎಲ್ಲ ಪಾಸು. ಪೆನ್ನು ಕೊಟ್ಟರೆ ನಾನು ಯಾವ ಮೋಡಕ್ಕೂ ಹೆದರುವವಳಲ್ಲ. ಬಾಯಿ ತೆರೆ ಎಂದರೆ ಮಾತ್ರ ಕಷ್ಟ.

ರೇಡಿಯೋ ಲೈಸೆನ್ಸಿನ ಮೌಖಿಕ ಪರೀಕ್ಷೆಯಲ್ಲಿ ಆದದ್ದು ಅದೇ. ಕಿವಿಗೆ ಹೆಡ್‌ಫೋನು ಹಾಕಿ ಕೂರಿಸಿದರು. ಎದುರಿನವರೇ ವಿಮಾನ ನಿಲ್ದಾಣದ ಟವರು, ನಾನು ವಿಮಾನ. ಇಂಜಿನ್ ನಿಂತಿದೆ, ಕರೆ ಕೊಡಿ ಎಂದರು. ಮೇಡೇ ಎಂದು ಮೂರು ಸಲ ಕೂಗಿ ಶುರುವಾಗುವ ಆ ಅಪಾಯದ ಕರೆಯ ಪ್ರತಿ ಪದವೂ ಗೊತ್ತಿತ್ತು. ಗಂಟಲಿನಿಂದ ಹೊರಟದ್ದು ದೇವರ ಮುಂದೆ ಹೇಳಿಕೊಳ್ಳುವಂಥ ಪಿಸುಮಾತು. "ಪಕ್ಕದಲ್ಲಿ ಕೂತವರಿಗೇ ಕೇಳದ ಧ್ವನಿ, ಟವರಿಗೆ ಹೇಗೆ ಕೇಳಬೇಕಮ್ಮಾ?" ಎಂದು ಪರೀಕ್ಷಕರು ಕಾಗದದ ಮೇಲೆ ಗೆರೆ ಎಳೆದರು. ಆ ಲೈಸೆನ್ಸ್ ಇಲ್ಲದೆ ಮುಂದಿನ ದಾರಿ ಇಲ್ಲ. ಪಾಸಾದ ಪೇಪರುಗಳಿಗೂ ಒಂದು ಆಯುಸ್ಸಿದೆ. ಅಷ್ಟರೊಳಗೆ ಉಳಿದದ್ದು ಮುಗಿಯದಿದ್ದರೆ ಎಲ್ಲ ಮತ್ತೆ ಮೊದಲಿನಿಂದ.

ಮನೆಗೆ ಬಂದವಳು ಕೂತಲ್ಲಿ ಕೂರಲಿಲ್ಲ. ಗೇಟಿನಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಗೇಟಿಗೆ. ಅಪ್ಪ ಭಟ್ಕಳದ ಪೋಸ್ಟ್ ಆಫೀಸಿನಲ್ಲಿ ಗುಮಾಸ್ತರು, ದಿನಾ ಬಸ್ಸಿನಲ್ಲಿ ಹೋಗಿಬರುವವರು. ಒಂದು ಸಂಜೆ ಚಪ್ಪಲಿ ಬಿಡುತ್ತಲೇ ಹೇಳಿದರು, "ನಾಳೆ ನನ್ ಸಂಗ್ತಿಗೆ ಬಾ. ಸಾಹೇಬ್ರ ಹತ್ರ ಮಾತಾಡಿದ್ದೆ."

"ಯಾವ ಸಾಹೇಬ್ರು? ಎಂತಕ್ಕೆ?"

"ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ರು. ಮೂವತ್ತು ವರ್ಷ ಮಾತಾಡಿದ್ದೇ ಕೆಲಸ. ನಿಂಗೂ ಕಲಿಸ್ತ್ರು. ಆತಲ್ಲ?"

ಹಡಗುಗಳಿಗೆ ಉಪಗ್ರಹ ಸಂಪರ್ಕ ಬಂದ ಮೇಲೆ ರೇಡಿಯೋ ಆಫೀಸರ್ ಎಂಬ ಹುದ್ದೆಯೇ ಹೋಗಿತ್ತು. ಸಾಹೇಬರು ಊರಿಗೆ ಬಂದು, ಪೋಸ್ಟ್ ಆಫೀಸಿಗೆ ದಿನಕ್ಕೊಮ್ಮೆ ಸುಮ್ಮನೆ ಭೇಟಿ ಕೊಡುತ್ತ ಕಾಲ ಕಳೆಯುತ್ತಿದ್ದರು. ಬಿಳಿ ಅಂಗಿ, ಇಸ್ತ್ರಿ ಕೆಡದ ಪೈಜಾಮ, ಯಾರೊಡನೆ ಮಾತಾಡುವಾಗಲೂ ಮುಖವನ್ನೇ ದಿಟ್ಟಿಸುವ ಕಣ್ಣು. ಮನೆಯಲ್ಲಿ ಅವರೂ ಅವರ ಹೆಂಡತಿಯೂ. ಆಕೆಯನ್ನು ನಾನು ಮೊದಲ ದಿನದಿಂದಲೇ ಚಾಚಿ ಎಂದೆ.

ಪಾಠದ ವ್ಯವಸ್ಥೆ ವಿಚಿತ್ರವಾಗಿತ್ತು. ಹೇಳಬೇಕಾದ ಕರೆಗಳನ್ನು ಮೊದಲು ಬರೆದು ಒಪ್ಪಿಸಬೇಕು. ಸಾಹೇಬರು ಕೆಂಪು ಪೆನ್ನಿನಲ್ಲಿ ತಿದ್ದಿ ಕೊಟ್ಟ ಮೇಲೆ ಅವರು ಜಗಲಿಯಲ್ಲಿ, ನಾನು ಒಳಗೆ ಚಾಚಿಯ ಅಡುಗೆಮನೆಯಲ್ಲಿ. ನಡುವೆ ಒಂದು ಕೋಣೆ, ಅರ್ಧ ತೆರೆದ ಬಾಗಿಲು. "ಆಕಾಶದಲ್ಲಿ ಟವರಿನವನ ಮುಖ ಕಾಣ್ತದಾ ಬೇಟಿ? ಇಲ್ಲ. ಇಲ್ಲೂ ಕಾಣೋದು ಬೇಡ," ಎಂದರು. ಎರಡನೇ ವಾರ ಮತ್ತೊಂದು ಹುಕುಂ ಬಂತು. "ವಿಮಾನದಲ್ಲಿ ಇಂಜಿನ್ ಸದ್ದಿರ್ತದೆ. ಮಿಕ್ಸಿ ಹಾಕು!"

ಚಾಚಿ ಮಸಾಲೆಗೆ ಕಾಯಿ ಹಾಕಿ ಮಿಕ್ಸಿ ಶುರುಮಾಡಿ, ಸದ್ದು ತಡೆಯಲಾರದವರಂತೆ ಹೋಗಿ ಬಾಗಿಲ ಬಳಿ ನಿಲ್ಲುತ್ತಿದ್ದರು. ನಾನು ಕಿರುಚುತ್ತಿದ್ದೆ. ಹೊರಗಿನಿಂದ ಉತ್ತರ ಬರುತ್ತಿತ್ತು, "ಸೇ ಅಗೇನ್!" ಮತ್ತೆ ಹೇಳು. ಮತ್ತೆ ಹೇಳಿದರೆ ಮತ್ತೆ "ಸೇ ಅಗೇನ್!" ಒಂದು ವಾಕ್ಯಕ್ಕೆ ಎಂಟು ಸಲವೂ ಆದದ್ದಿದೆ. ಆ ಮನೆಯಷ್ಟು ನುಣ್ಣಗೆ ರುಬ್ಬಿದ ಮಸಾಲೆಯನ್ನು ನಾನು ಬೇರೆಲ್ಲೂ ತಿಂದಿಲ್ಲ.

ಒಂದು ದಿನ ಕರೆಂಟು ಹೋಯಿತು. ಮಿಕ್ಸಿ ಗಕ್ಕನೆ ನಿಂತಿತು. ನಾನು ಉಸಿರು ಬಿಡುವಷ್ಟರಲ್ಲಿ ಜಗಲಿಯಿಂದ ಸಾಹೇಬರು, "ಫ್ಯಾನ್ ನಿಂತ್ತು! ಇಂಜಿನ್ ಫೇಲ್! ಹೇಳು, ಹೇಳು!" ಎಂದು ಕೂಗಿದರು. ನಾನು "ಮೇಡೇ, ಮೇಡೇ, ಮೇಡೇ" ಎಂದು ಎಷ್ಟು ಜೋರಾಗಿ ಅರಚಿದೆನೆಂದರೆ ಪಕ್ಕದ ಮನೆಯ ಹೆಂಗಸು ಓಡಿಬಂದು, ಏನಾಯಿತೆಂದು ಚಾಚಿಯನ್ನು ಅವರ ಭಾಷೆಯಲ್ಲಿ ಗಾಬರಿಯಿಂದ ಕೇಳಿದಳು. ಚಾಚಿ ಗೋಡೆ ಹಿಡಿದು ನಕ್ಕರು.

ಆದರೂ ವಾಪಸು ಬರುವ ಬಸ್ಸಿನಲ್ಲಿ ನನಗೆ ನಗು ಇರುತ್ತಿರಲಿಲ್ಲ. ನನ್ನ ಧ್ವನಿಯಲ್ಲೇ ಏನೋ ಐಬಿದೆ ಎಂಬ ಅನುಮಾನ ಕೊರೆಯುತ್ತಿತ್ತು. ಶಿರಾಲಿ ದಾಟುವ ಹೊತ್ತಿಗೆ ಕರೆಗಳ ಗೊಣಗಾಟ ಶುರು. ಹೊನ್ನಾವರಕ್ಕೆ ಮುಂಚಿನ ಒಂದು ಸ್ಟಾಪಿನಲ್ಲಿ ಹತ್ತಿ ಪಕ್ಕಕ್ಕೆ ಬಂದು ಕೂತ ಮೀನು ಮಾರುವ ಅಮ್ಮ ಒಂದು ದಿನ ತಡೆಯಲಾರದೆ ಕೇಳಿದಳು, "ಎಂತ ಮಂತ್ರ ಹೇಳ್ತೆ ಮಾರಾಯ್ತಿ?"

"ಮಂತ್ರ ಅಲ್ಲ, ಪರೀಕ್ಷೆ. ವಿಮಾನ ಓಡ್ಸೂದು."

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಂಗಾರೆ ಈ ಬಸ್ಸು ಎಂತಕ್ಕೆ ಹತ್ತಿದ್ದೆ?"

ಶರಾವತಿಯ ಸೇತುವೆಯ ಮೇಲೆ ಬಸ್ಸು ಹೋಗುವಾಗ ಕೆಳಗಿನ ನೀರನ್ನು ನೋಡುತ್ತ, ಆಯುಸ್ಸು ಮುಗಿಯುತ್ತಿರುವ ನನ್ನ ಪೇಪರುಗಳ ತಿಂಗಳುಗಳನ್ನು ಬೆರಳಲ್ಲಿ ಎಣಿಸಿದೆ.

ಆರು ತಿಂಗಳ ಮೇಲೆ ಮತ್ತೆ ಮೌಖಿಕ ಪರೀಕ್ಷೆಗೆ ಕೂತೆ. ಈ ಬಾರಿ ಪರೀಕ್ಷಕರು ಹೆಡ್‌ಫೋನನ್ನು ಕಿವಿಯಿಂದ ಸ್ವಲ್ಪ ಸರಿಸಿಕೊಂಡು, "ಇಷ್ಟು ಬೇಡ," ಎಂದರು. ಪಾಸು.

ಉಳಿದದ್ದು ಹಾರಾಟದ ಪರೀಕ್ಷೆ. ಅಷ್ಟರಲ್ಲಿ ಬಿಡಿಭಾಗ ಬಂದು, ಮೋಡ ಚದುರಿತ್ತು; ತರಬೇತಿ ಶಾಲೆಗೆ ಮರಳಿ ಬಾಕಿ ಹಾರಾಟದ ಗಂಟೆಗಳನ್ನು ಮುಗಿಸಿದೆ. ಪರೀಕ್ಷೆಯ ದಿನ ಪಕ್ಕದಲ್ಲಿ ಕೂತ ಪರೀಕ್ಷಕರು ಮಾತಿನವರಲ್ಲ. ಎಲ್ಲ ಸುಸೂತ್ರ ನಡೆದಿತ್ತು. ಇದ್ದಕ್ಕಿದ್ದಂತೆ ಕೈ ಚಾಚಿ ಇಂಜಿನ್ನಿನ ಶಕ್ತಿ ಪೂರ್ತಿ ಇಳಿಸಿಬಿಟ್ಟರು. ಇಂಜಿನ್ ಕೆಟ್ಟಿದೆ ಎಂದುಕೊಂಡು ನಾನು ಕೆಳಗೊಂದು ಜಾಗ ಹುಡುಕಿ, ನೆಲ ಹತ್ತಿರವಾಗುವವರೆಗೆ ಇಳಿಸಿ ತೋರಿಸಬೇಕು. ಎಡಕ್ಕೊಂದು ಗದ್ದೆ ಆರಿಸಿದೆ. ಅರ್ಧ ಇಳಿದ ಮೇಲೆ ಅದರ ಅಂಚಿನಲ್ಲಿ ವಿದ್ಯುತ್ ಕಂಬಗಳ ಸಾಲು ಕಂಡಿತು. ತಪ್ಪು ಮುಚ್ಚಿಕೊಂಡು, ಹೇಗೂ ನಿಜವಾಗಿ ಇಳಿಯುವುದಿಲ್ಲವಲ್ಲ ಎಂದು ಅದೇ ಗದ್ದೆಗೆ ಹೋಗಬಹುದಿತ್ತು. "ತಂತಿ ಇದೆ. ನಾನು ನೋಡಿರಲಿಲ್ಲ. ಬಲಗಡೆಯ ಬಯಲಿಗೆ ಹೋಗುತ್ತಿದ್ದೇನೆ," ಎಂದು ಗಟ್ಟಿಯಾಗಿ ಹೇಳಿ ತಿರುಗಿಸಿದೆ.

ಇಳಿದ ಮೇಲೆ ಅವರು ಎಂದರು, "ಜಾಗ ಬದಲಿಸಿದ್ದು ತಡ. ತಡವಾದರೂ ಬದಲಿಸಿದಿರಿ, ಹೇಳಿಯೂ ಹೇಳಿದಿರಿ." ಸಹಿ ಹಾಕಿದರು.

ಎರಡೂ ಪರೀಕ್ಷೆ ಮುಗಿಯಲಿ ಎಂದು ಕಾದಿದ್ದವಳು ಮಿಠಾಯಿ ಹಿಡಿದು ಭಟ್ಕಳಕ್ಕೆ ಓಡಿದೆ. ಸಾಹೇಬರು ಜಗಲಿಯಲ್ಲಿ ಬೆನ್ನು ಹಾಕಿ ಗಿಡಕ್ಕೆ ನೀರು ಹಾಕುತ್ತಿದ್ದರು. "ಸಾಹೇಬ್ರೆ, ಪಾಸಾದೆ!" ಎಂದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಇಲ್ಲ. ಒಳಗಿಂದ ಬಂದ ಚಾಚಿ ನನ್ನ ಕೈ ಹಿಡಿದುಕೊಂಡರು.

"ಎರಡು ವರ್ಷ ಆಯ್ತು, ಅವರ ಕಿವಿ ಹೋಗಿ. ಎದುರು ನಿಂತ್ರೆ ತುಟಿ ನೋಡಿ ತಿಳ್ಕೊಳ್ತಾರೆ."

"ಹಾಗಾದರೆ ಅಷ್ಟು ದಿನ..."

"ನಾನೇ ಅಲ್ವಾ ಬಾಗಿಲಲ್ಲಿ ನಿಂತಿದ್ದು? ನೀ ಹೇಳೋ ಪದ ಒಂದೊಂದೂ ಬಿಡಿಬಿಡಿಯಾಗಿ ಕೇಳಿದ್ರೆ ತಲೆ ಆಡಿಸ್ತಿದ್ದೆ. ಇಲ್ಲಾಂದ್ರೆ ಇಲ್ಲ. ಅವ್ರು ಅದನ್ನ ನೋಡಿ ಮತ್ತೆ ಹೇಳು ಅಂತಿದ್ರು. ನಂಗೆ ಇಂಗ್ಲಿಷ್ ಎಲ್ಲಿ ಬರ್ತದೆ ಬೇಟಿ?"

ಅಷ್ಟರಲ್ಲಿ ಸಾಹೇಬರು ತಿರುಗಿದರು. ನಮ್ಮಿಬ್ಬರ ಮುಖ ನೋಡಿದ ಕೂಡಲೇ ಅವರಿಗೆ ಎಲ್ಲ ಗೊತ್ತಾಯಿತು. ನೀರಿನ ಚೊಂಬು ಕೆಳಗಿಟ್ಟು, "ಕಿವಿ ಇಲ್ಲದ ರೇಡಿಯೋ ಆಫೀಸರ್ ಅಂದಿದ್ರೆ ನೀನು ಬರ್ತಿದ್ಯಾ?" ಎಂದು ಕೇಳಿದರು. ಅವರ ದನಿ ಆಗ ಬಹಳ ಸಣ್ಣದಾಗಿತ್ತು.

ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಸಿಟ್ಟು. ಆರು ತಿಂಗಳು ನನ್ನ ಗಂಟಲನ್ನು ನಾನೇ ಶಪಿಸಿಕೊಂಡಿದ್ದೆ. ಕುಮಟೆ ತಲುಪುವ ಹೊತ್ತಿಗೆ ಸಿಟ್ಟಿನ ಜಾಗದಲ್ಲಿ ಇನ್ನೇನೋ ಇತ್ತು. ತನಗೆ ಕೇಳದ ಧ್ವನಿಯೊಂದು ಊರಿಗೆಲ್ಲ ಕೇಳಲಿ ಎಂದು ಆ ಮನುಷ್ಯ ಕೂತಿದ್ದರಲ್ಲ. ಒಂದು ಮಾತು ಮೊದಲೇ ಹೇಳಿದ್ದರೆ ನಾನು ಅವರ ಎದುರು ನಿಂತು ಇನ್ನೂ ಚೆನ್ನಾಗಿ ಕಲಿಯುತ್ತಿದ್ದೆನೋ ಏನೋ. ಹೇಳುವುದು ಅಷ್ಟು ಕಷ್ಟ ಏಕೆ ಎಂದು ಆಗ ನನಗೆ ಅರ್ಥವಾಗಿರಲಿಲ್ಲ.

ಈಗ ಆಗಿದೆ. ಇಷ್ಟು ವರ್ಷ ಇಂಜಿನ್ನುಗಳ ಪಕ್ಕ ಕೂತವಳ ಕಿವಿ ಎಷ್ಟೆಂದು ತಡೆದೀತು? ಪ್ರತಿ ವರ್ಷದ ವೈದ್ಯಕೀಯ ತಪಾಸಣೆಯಲ್ಲೂ ಒಂದು ಸಣ್ಣ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎನ್ನುತ್ತಾರೆ. ಕಳೆದ ಎರಡು ಸಲ ನಾನು ಅಂದಾಜಿನಲ್ಲಿ ಒತ್ತಿ ಪಾರಾಗಿದ್ದೆ. ಈ ಸಲ ಕೇಳಿಸದಾಗ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಡಾಕ್ಟರು ಗಾಜಿನ ಆಚೆಯಿಂದ ನೋಡುತ್ತಿದ್ದರು. ಹೊರಬಂದು, "ಎಡಗಿವಿಗೆ ಕೇಳುತ್ತಿಲ್ಲ," ಎಂದೆ.

ಮರುತಪಾಸಣೆಯವರೆಗೆ ಹಾರುವಂತಿಲ್ಲ. ಅದಕ್ಕೇ ಈ ರಜೆ. ಉತ್ತರ ಏನು ಬರುತ್ತದೋ ತಿಳಿಯದು. ಹಗಲೆಲ್ಲ ಒಂದು ಕಡೆ ಕೂರಲಾರೆ, ಮನೆಯವರಿಗೆ ನನ್ನನ್ನು ನೋಡಿಯೇ ಸುಸ್ತು. ನಿದ್ದೆ ಮಾತ್ರ, ಎರಡು ವರ್ಷಗಳ ನಂತರ, ತಲೆ ಇಟ್ಟೊಡನೆ ಬರುತ್ತಿದೆ.