ಗಾಜಿನ ಎಳೆಯ ಬೆಳ್ಳಿಯಪ್ಪ
ಸಿಂಗಾನಲ್ಲೂರಿನ ನಮ್ಮ ಮಿಲ್ಲಿನ ಮಗ್ಗದ ಶೆಡ್ಡಿಗೆ ಕಾಲಿಟ್ಟರೆ ಮೊದಲು ಕಾಣುವವನು ಬೆಳ್ಳಿಯಪ್ಪ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಚಾವಣಿಯ ಬಿರುಕು ಬಿಟ್ಟ ತೊಲೆಯನ್ನು ಕೋಟೆ ಕಾಯುವ ದಳವಾಯಿಯಂತೆ ದಿಟ್ಟಿಸುತ್ತ ನಿಂತಿರುತ್ತಾನೆ. ಎಂಬತ್ತೇಳನೇ ಇಸವಿಯಲ್ಲಿ ಎಂಜಿನಿಯರಿಂಗ್ ಕಾಲೇಜಿನವರು ಆ ತೊಲೆಯುದ್ದಕ್ಕೂ ಕೂದಲಿನಂಥ ಗಾಜಿನ ಎಳೆಯೊಂದನ್ನು ಅಂಟಿಸಿ, ಒಂದು ತುದಿಗೆ ಬಲ್ಬು, ಇನ್ನೊಂದಕ್ಕೆ ಮೀಟರು ಜೋಡಿಸಿ, ತೊಲೆ ಬಾಗಿದರೆ ಎಳೆಯೊಳಗಿನ ಬೆಳಕು ಕುಂದಿ ಮುಳ್ಳು ಇಳಿಯುತ್ತದೆಂದು ಹೇಳಿ, ಕಾವಲನ್ನು ಇವನಿಗೊಪ್ಪಿಸಿದರು. ಮೊದಲ ವಾರವೇ ಎಳೆ ತುಂಡಾಯಿತು. ಏಳು ತಲೆಮಾರಿನ ನೇಕಾರನಿಗೆ ತುಂಡಾದ ಎಳೆ ಕಂಡರೆ ಬೆರಳು ಸುಮ್ಮನಿರುತ್ತದೆಯೇ? ಗಂಜಿ ಸವರಿ ಗಂಟು ಹಾಕಲು ಹೋಗಿ ಎರಡು ತುಂಡನ್ನು ಐದು ಮಾಡಿದ. ಕಾಲೇಜಿನವರು ಮತ್ತೆ ಬಂದು ಹೊಸ ಎಳೆ ಅಂಟಿಸಬೇಕಾಯಿತು. ಅಂದಿನಿಂದ ಕೈಗಳಿಗೆ ಬೆನ್ನ ಹಿಂದೆ ಸೆರೆವಾಸ. ಮೂಗು ತುರಿಸಿದರೂ ತೊಲೆಯ ಕೆಳಗೇ ನೂಲು ಸುತ್ತುವ ಹೆಂಡತಿ ನಾಚಿಯಮ್ಮನನ್ನು ಕರೆಯುತ್ತಾನೆಂದು ಶೆಡ್ಡಿನವರ ಆರೋಪ. ಮುಳ್ಳು ಇಳಿದರೆ ಮಾತ್ರ ಕೈ ಬಿಚ್ಚಿ, ಓಡಿ ಮಗ್ಗಗಳ ಸ್ವಿಚ್ಚು ಎಳೆದು, “ಎಲ್ಲಾರೂ ಈಚೆ ಬನ್ನಿ ಕಣ್ಣು, ಸೀಕ್ರಂ, ಬೇಗ!” ಎಂದು ಕನ್ನಡಕ್ಕೆ ತಮಿಳು ಬೆರೆಸಿ ಕೂಗುತ್ತಾನೆ. ಮೂರು ಸಲ ಹೀಗೆ ಶೆಡ್ಡು ಖಾಲಿಯಾಯಿತು. ಮೂರು ಸಲವೂ ಕೆಟ್ಟಿದ್ದು ತೊಲೆಯಲ್ಲ, ಬಲ್ಬು. “ಏನಯ್ಯಾ, ಬಲ್ಬು ಹೋದದ್ದಕ್ಕೆ ಮಿಲ್ಲನ್ನೇ ನಿಲ್ಲಿಸ್ತೀಯಾ?” ಎಂದು ಮ್ಯಾನೇಜರು ಹಾರಾಡಿದರು. “ಬಲ್ಬೋ ತೊಲೆಯೋ ಅಂತ ಈಚೆ ನಿಂತುಕೊಂಡು ಯೋಚನೆ ಮಾಡೋಣ ಸಾರ್. ಒಳಗೆ ಅರವತ್ತು ತಲೆ ಇದಾವೆ,” ಎಂದ ಬೆಳ್ಳಿಯಪ್ಪ. ಆವತ್ತಿನಿಂದ ಶೆಡ್ಡಿನಲ್ಲಿ ಯಾರೂ ಮೀಟರಿನ ಕಡೆ ನೋಡುವುದಿಲ್ಲ. ನಾಚಿಯಮ್ಮನೂ ಆಗಾಗ ತಲೆಯೆತ್ತಿ ನೋಡುವುದು ಗಂಡನ ಕೈಗಳನ್ನೇ. ಅವು ಬೆನ್ನ ಹಿಂದೆ ಇದ್ದರೆ, ನೆಮ್ಮದಿಯಾಗಿ ಮತ್ತೆ ನೂಲಿನತ್ತ ತಿರುಗುತ್ತಾಳೆ.